ಡಿಸ್ಕ್ ಡ್ರೈವೂ ನನ್ನ ಕೈಗುಣವೂ

ಕೆಲವರ ಕೈಗೆ ಒಂದು ಗುಣವಿರುತ್ತದೆ. ಅವರು ನೆಟ್ಟ ಗಿಡ ಚಿಗುರುತ್ತದೆ, ಹೆಪ್ಪು ಹಾಕಿದ ಹಾಲು ಗಟ್ಟಿ ಮೊಸರಾಗುತ್ತದೆ, ನಿಂತ ಗಡಿಯಾರವನ್ನು ಸುಮ್ಮನೆ ಎತ್ತಿ ಅಲ್ಲಾಡಿಸಿದರೂ ಓಡತೊಡಗುತ್ತದೆ. ನನ್ನ ಕೈಗೂ ಗುಣವಿದೆ. ಅದು ಓಡುವ ಗಡಿಯಾರವನ್ನು ನಿಲ್ಲಿಸುವ ಗುಣ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನನಗೆ ಒಳ್ಳೆಯ ಹೆಸರಿದೆ. ಮನೆಯಲ್ಲಿ ಮಾತ್ರ ನಾನು ನಲ್ಲಿಯ ವಾಷರ್ ಬದಲಿಸಲು ಹೋಗಿ ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು ನಿಲ್ಲಿಸಿದವನು, ಮಿಕ್ಸಿ ಬಿಚ್ಚಿ ಜೋಡಿಸಿದ ಮೇಲೆ ಮೂರು ಭಾಗಗಳನ್ನು ಹೊರಗೇ ಉಳಿಸಿದವನು. ಆ ಮೂರು ಭಾಗಗಳನ್ನು ನನ್ನ ಹೆಂಡತಿ ಶೈಲಜಾ ಶೋಕೇಸಿನಲ್ಲಿ, ನನಗೆ ಬಂದ ಉತ್ತಮ ಶಿಕ್ಷಕನ ಫಲಕದ ಪಕ್ಕದಲ್ಲೇ ಇಟ್ಟಿದ್ದಾಳೆ. ಸ್ಕ್ರೂಡ್ರೈವರುಗಳ ಡಬ್ಬ ಅಂದಿನಿಂದ ಅವಳ ಬೀರುವಿನಲ್ಲಿ, ಬೀಗದೊಳಗಿದೆ. ಇಂಥ ನಾನು ವಿಡಿಯೋ ಗೇಮ್ ಮಿಷಿನ್ನಿನ ಡಿಸ್ಕ್ ಡ್ರೈವನ್ನು, ಅಂದರೆ ಆಟದ ಡಿಸ್ಕನ್ನು ತಿರುಗಿಸಿ ಓದುವ ಭಾಗವನ್ನು, ಬದಲಿಸಿದೆ. ನಾನೇ, ಈ ಎರಡು ಕೈಗಳಿಂದಲೇ. ಈ ಮಾತನ್ನು ಇನ್ನೊಂದು ಸಲ ಬರೆಯುವ ಆಸೆಯಾಗುತ್ತಿದೆ, ಆದರೆ ತಡೆದುಕೊಳ್ಳುತ್ತೇನೆ.

ಈ ಮಿಷಿನ್ನು ನಮ್ಮ ಮನೆಯಲ್ಲಿ ಮಕ್ಕಳಿಗಾಗಿ ಇರುವುದಲ್ಲ. ಅದು ನನ್ನ ತಾಯಿ ಗಿರಿಜಮ್ಮನವರದು. ಎರಡು ವರ್ಷದ ಹಿಂದೆ ಅವ್ವ ಕಾಲು ಜಾರಿ ಬಿದ್ದು ಹಾಸಿಗೆ ಹಿಡಿದಾಗ, ನನ್ನ ಭಾಮೈದ ಹೊತ್ತು ಹೋಗಲೆಂದು ತನ್ನ ಹಳೆಯ ಮಿಷಿನ್ನನ್ನೂ ಒಂದು ಕ್ರಿಕೆಟ್ ಆಟದ ಡಿಸ್ಕನ್ನೂ ಕೊಟ್ಟು ಹೋದ. ರೇಡಿಯೋ ಕಾಲದಿಂದ ಕ್ರಿಕೆಟ್ ಹುಚ್ಚು ಹತ್ತಿಸಿಕೊಂಡ ಅವ್ವ ಒಂದೇ ತಿಂಗಳಲ್ಲಿ ಅದರ ಗುಂಡಿಗಳನ್ನೆಲ್ಲ ಪಳಗಿಸಿಕೊಂಡಳು. ಕಾಲು ವಾಸಿಯಾಯಿತು, ಆಟ ಉಳಿಯಿತು. ಅವಳಿಗೆ ಜೊತೆಗಾರರು ನನ್ನ ಸೋದರಮಾವ ನಂಜುಂಡಪ್ಪನವರು. ದಂಡಿಗನಹಳ್ಳಿಯಲ್ಲಿ ತೆಂಗಿನ ತೋಟ, ಎಪ್ಪತ್ತರ ವಯಸ್ಸು, ಸೋಲೆಂದರೆ ಆಗದ ಸ್ವಭಾವ. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬಂದು, ಅಕ್ಕನ ಎದುರು ಟೆಸ್ಟ್ ಮ್ಯಾಚ್ ಆಡಿ, ಮುದ್ದೆ ಉಂಡು, ಸಂಜೆಯ ಬಸ್ಸಿಗೆ ಹೋಗುತ್ತಾರೆ. ಅವರಿಬ್ಬರೂ ಆಡುವಾಗ ನಾನು ಮಾತಾಡುವ ಹಾಗಿಲ್ಲ, ಶೈಲಜಾ ಮಿಕ್ಸಿ ಹಾಕುವ ಹಾಗಿಲ್ಲ.

ಮಿಷಿನ್ನು ಕೆಟ್ಟದ್ದೂ ಒಂದು ಭಾನುವಾರವೇ. ಮಾವನಿಗೆ ಗೆಲ್ಲಲು ಇನ್ನು ಎರಡು ವಿಕೆಟ್ ಬಾಕಿ. ಮಿಷಿನ್ನು ಕರಕರ ಎಂದು ಹಲ್ಲು ಕಡಿಯಿತು, ಆಟ ನಿಂತಿತು, ಡಿಸ್ಕು ತಾನಾಗಿ ಹೊರಗೆ ಬಂತು. ಮತ್ತೆ ತಳ್ಳಿದರೆ ಅರ್ಧ ಒಳಗೆ ಹೋಗಿ ಮತ್ತೆ ಕರಕರ. ಮಾವ ಎದ್ದು ನಿಂತು ಟವೆಲ್ ಹೆಗಲಿಗೆ ಹಾಕಿಕೊಂಡರು.

"ಅಕ್ಕ, ಸೋಲ್ತೀನಿ ಅಂತ ಗೊತ್ತಾಗಿ ಮಿಷಿನ್ನೇ ಕೆಡಿಸ್ಬುಟ್ಯಲ್ಲ."

"ನಾನ್ಯಾಕ್ಲಾ ಕೆಡಿಸ್ಲಿ?"

"ನೀನಲ್ದೆ ಇನ್ಯಾರು? ಈ ಮನೇಲಿ ಇದ್ನ ಮುಟ್ಟೋಳು ನೀನೊಬ್ಳೆ ಕಣಕ್ಕ. ಮೋಸದಾಟಕ್ಕೆ ನಾನು ಬರಾಕಿಲ್ಲ."

ಒಲೆಯ ಮೇಲೆ ಮುದ್ದೆ ಬೇಯುತ್ತಿತ್ತು. ಉಣ್ಣದೆ ಹೊರಟುಬಿಟ್ಟರು. ನಮ್ಮ ಕಡೆ ಊಟದ ಹೊತ್ತಿಗೆ ಅಕ್ಕನ ಮನೆಯಿಂದ ಉಣ್ಣದೆ ಹೋಗುವುದೆಂದರೆ ಸಣ್ಣ ಮಾತಲ್ಲ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನ ಎರಡಕ್ಕೂ ಇಲ್ಲ. ಫೋನ್ ಮಾಡಿದರೆ, ತೋಟದಲ್ಲಿ ಕಾಯಿ ಕೀಳಿಸುತ್ತಿದ್ದಾರೆ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಅವ್ವ ಮಾತ್ರ ಭಾನುವಾರ ಬೆಳಿಗ್ಗೆ ಎರಡು ಕುರ್ಚಿ ಟೀವಿಯ ಮುಂದೆ ಎಳೆದುಹಾಕಿ, ಒಂದರಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಇದೊಂದು ಯಂತ್ರದ ದೆಸೆಯಿಂದ ಅಕ್ಕ ತಮ್ಮಂದಿರು ಈ ವಯಸ್ಸಿನಲ್ಲಿ ದೂರವಾಗಬೇಕೇ?

ಮಿಷಿನ್ನನ್ನು ಚೀಲದಲ್ಲಿ ಹಾಕಿಕೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಡ್ರೈವ್ ಓಗ್ಬುಟ್ಟದೆ ಸಾ. ಇದ್ನೆಲ್ಲ ನಾವು ಬಿಚ್ಚಾಕಿಲ್ಲ. ಟೀವಿ ಇದ್ರೆ ತನ್ನಿ" ಎಂದ. ಹಾಸನದ ಅಂಗಡಿಯಲ್ಲಿ ಒಂದು ತಿಂಗಳು ಬಿಟ್ಟು ಬನ್ನಿ ಎಂದರು. ಒಂದು ತಿಂಗಳೆಂದರೆ ಇನ್ನೂ ನಾಲ್ಕು ಭಾನುವಾರ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಫೋನಿನಲ್ಲೇ ಹೊಸ ಡ್ರೈವ್ ತರಿಸಲು ಒತ್ತಿಬಿಟ್ಟೆ. ಪಾರ್ಸೆಲ್ ಬಂದ ದಿನ ಶೈಲಜಾಳ ಮುಖ ನೋಡುವ ಹಾಗಿರಲಿಲ್ಲ.

"ರೀ, ಬೇಡ. ಅತ್ತೆಗೆ ಇರೋದು ಇದೊಂದೇ."

"ಅದಕ್ಕೇ ಕಣೇ ಬೀಗದಕೈ ಕೊಡು ಅಂತಿರೋದು."

ಏನನ್ನಿಸಿತೋ, ಕೊಟ್ಟಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು, ಕೈಕಾಲು ತೊಳೆದು, ನಡುಮನೆಯಲ್ಲಿ ಚೌಕಾಬಾರದ ಹಲಗೆ ಹಾಸಿಕೊಂಡು ಕೂತೆ. ಇದು ನಾನೇ ಕಂಡುಕೊಂಡ ಉಪಾಯ. ಬಿಚ್ಚಿದ ಸ್ಕ್ರೂಗಳನ್ನು ಕಾಯಿ ನಡೆಸುವ ಕ್ರಮದಲ್ಲೇ ಒಂದೊಂದು ಮನೆಗೆ ಒಂದೊಂದರಂತೆ ಇಡುತ್ತಾ ಹೋಗುವುದು, ಜೋಡಿಸುವಾಗ ಅದೇ ದಾರಿಯಲ್ಲಿ ಹಿಂದಕ್ಕೆ ಬರುವುದು. ಗಣಿತದ ಮೇಷ್ಟ್ರಿಗಲ್ಲದೆ ಇದು ಇನ್ಯಾರಿಗೆ ಹೊಳೆದೀತು? ಹಳೆಯ ಡ್ರೈವ್ ಹೊರಗೆ ಬಂತು, ಹೊಸದು ಒಳಗೆ ಕೂತಿತು, ತಂತಿಗಳು ಸೇರಿದವು, ಕೊನೆಗೆ ಹಲಗೆಯ ಮೇಲೆ ಒಂದು ಸ್ಕ್ರೂ ಕೂಡ ಉಳಿಯಲಿಲ್ಲ. ಶೈಲಜಾ ಹಲಗೆಯ ಕೆಳಗೂ ಎರಡು ಸಲ ಹುಡುಕಿ ನೋಡಿದಳು. ಸ್ವಿಚ್ ಹಾಕಿದೆ. ದೀಪ ಹತ್ತಿತು. ಡಿಸ್ಕನ್ನು ಮೆತ್ತಗೆ ಎಳೆದುಕೊಂಡಿತು. ಆಮೇಲೆ ಟೀವಿಯ ಮೇಲೆ, ಈ ಡಿಸ್ಕನ್ನು ಓದಲಾಗದು ಎಂಬ ಅಕ್ಷರ ಮೂಡಿತು.

ಶೈಲಜಾ ಶೋಕೇಸಿನ ಕಡೆ ಒಂದು ಸಲ ನೋಡಿದಳು, ಅಷ್ಟೆ. ಫೋನಿನಲ್ಲಿ ಒಂದಾದ ಮೇಲೊಂದು ವಿಡಿಯೋ ನೋಡಿದೆ. ನಾಲ್ಕನೆಯದರಲ್ಲಿ ಒಬ್ಬ ಪುಣ್ಯಾತ್ಮ ಗುಟ್ಟು ಬಿಟ್ಟುಕೊಟ್ಟ. ಡ್ರೈವಿನೊಳಗೆ ಅಂಗೈಗಿಂತ ಚಿಕ್ಕದಾದ ಒಂದು ಹಸಿರು ಬೋರ್ಡು ಇರುತ್ತದಂತೆ. ಆ ಬೋರ್ಡನ್ನೂ ಮಿಷಿನ್ನಿನ ದೊಡ್ಡ ಬೋರ್ಡನ್ನೂ ಕಾರ್ಖಾನೆಯಲ್ಲೇ ಗಂಟು ಹಾಕಿ ಕಳಿಸಿರುತ್ತಾರೆ, ಬೇರೆ ಬೋರ್ಡು ತಂದರೆ ಮಿಷಿನ್ನು ಒಪ್ಪುವುದಿಲ್ಲ. ಆದ್ದರಿಂದ ಹಳೆಯ ಡ್ರೈವಿನ ಬೋರ್ಡನ್ನು ಬಿಡಿಸಿ ಹೊಸ ಡ್ರೈವಿಗೆ ಹಾಕಬೇಕು. ಹಳೆಯ ಡ್ರೈವನ್ನು ತೆರೆದೆ. ಬೋರ್ಡು ಕಂಡಿತು. ಅದರ ಪಕ್ಕದಲ್ಲಿ, ಒಂದು ಹಲ್ಲು ಮುರಿದ ಸಣ್ಣ ಚಕ್ರದ ಸಂದಿಯಲ್ಲಿ, ಇನ್ನೊಂದೂ ಕಂಡಿತು. ಒಂದು ಅಕ್ಕಿಕಾಳು. ಅರಿಶಿನ ಹಚ್ಚಿದ ಅಕ್ಕಿಕಾಳು.

ನೋಡಿದ ಕೂಡಲೇ ಎಲ್ಲ ನೆನಪಾಯಿತು. ಆಯುಧಪೂಜೆಯ ದಿನ ನಾನು ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲಕ್ಕೂ ವಿಭೂತಿ ಹಚ್ಚಿ, ಅಕ್ಷತೆ ಹಾಕಿ, ಕೊನೆಗೆ ಈ ಮಿಷಿನ್ನಿನ ಮುಂದೆ ಬಂದಿದ್ದೆ. ಅವ್ವನ ಪ್ರೀತಿಯ ವಸ್ತು, ಮೇಲೆ ಮೇಲೆ ಹಾಕಿದರೆ ಹೇಗೆ ಎಂದು ಡಿಸ್ಕು ಹೋಗುವ ಸಂದಿಯೊಳಕ್ಕೇ ಭಕ್ತಿಯಿಂದ ನಾಲ್ಕು ಕಾಳು ಬಿಟ್ಟಿದ್ದೆ. ಕೆಟ್ಟದ್ದು ಅದರ ಮುಂದಿನ ಭಾನುವಾರ. ಅಕ್ಕಿಕಾಳನ್ನು ಯಾರೂ ನೋಡದಂತೆ ಅಂಗಿಯ ಜೇಬಿಗೆ ಹಾಕಿಕೊಂಡೆ.

ಬೋರ್ಡು ಬದಲಿಸಿ, ಎಲ್ಲ ಮುಚ್ಚಿ, ಸ್ವಿಚ್ ಹಾಕಿದೆ. ಡಿಸ್ಕು ಒಳಗೆ ಹೋಯಿತು. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಸ್ಟೇಡಿಯಮ್ಮಿನ ಜನರೆಲ್ಲ ಒಟ್ಟಿಗೆ ಕೂಗಿದರು. ಅವರು ನನಗಾಗಿಯೇ ಕೂಗಿದ್ದೆಂದು ನಾನು ಈಗಲೂ ನಂಬಿದ್ದೇನೆ. ಅವ್ವ ಅಡುಗೆಮನೆಯಿಂದ ಬಂದು ನನ್ನ ತಲೆ ಸವರಿ, "ಬುದ್ವಂತ ಕಣ್ಲಾ ನನ್ ಮಗ" ಎಂದಳು. ಐವತ್ಮೂರು ವರ್ಷದ ಗಂಡಸು ನಾನು, ಕಣ್ಣು ತುಂಬಿಬಂತು. ಸಂಜೆ ಹಾಲಿನ ಡೈರಿಯಲ್ಲಿ ಹೇಳಿದೆ, ತರಕಾರಿ ಅಂಗಡಿಯಲ್ಲಿ ಹೇಳಿದೆ, ನುಗ್ಗೇಹಳ್ಳಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ ಅಪರಿಚಿತರೊಬ್ಬರಿಗೂ ಹಸಿರು ಬೋರ್ಡಿನ ವಿಚಾರ ವಿವರಿಸಿ ಅವರಿಗೆ ಬಸ್ಸು ತಪ್ಪಿಸಿದೆ. ಮಾವನಿಗೆ ಫೋನು ಮಾಡಿ, ನಾನೇ ಸರಿಮಾಡಿದೆ ಎಂದೆ. "ನೀನಾ? ಮುಟ್ಟುದ್ರೆ ಶಾಕ್ ಒಡೆಯಾಕಿಲ್ಲ ತಾನೆ?" ಎಂದು ಕೇಳಿ, ನಾಳೆಯೇ ಬರುತ್ತೇನೆಂದರು.

ಬಂದರು. ಕುರ್ಚಿಯಲ್ಲಿ ಕೂತರೂ ಮುಖ ಬಿಗಿದೇ ಇತ್ತು. "ಅದ್ಸರಿ ಮೇಷ್ಟ್ರೇ, ಏನಾಗಿತ್ತು ಇದ್ಕೆ?" ಎಂದರು. ಶೈಲಜಾ, ಅವ್ವ ಇಬ್ಬರೂ ನನ್ನನ್ನೇ ನೋಡಿದರು.

"ವಯಸ್ಸಾಗಿತ್ತು ಮಾವ. ಸವೆದಿತ್ತು."

"ಕುಟ್ಟಿ ಕುಟ್ಟಿ ಸವೆಸವ್ಳೆ ಅನ್ನು. ಸೋಲೋವಾಗ ಅಕ್ಕನ ಕೈ ಬಲು ಜೋರು."

ಅವ್ವ ಎದ್ದು ಅಡುಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ. "ಅವ್ವ, ನೀನು ಯಾಕೆ ಅನ್ನಿಸ್ಕೊಂಡು ಸುಮ್ಮನಿರ್ತೀಯ?" ಎಂದೆ. ಅವ್ವ ಲೋಟ ತೊಳೆಯುತ್ತಲೇ ಹೇಳಿದಳು:

"ಅಬ್ಬದ ದಿನ ನೀನು ಅದ್ರ ಬಾಯಿಗೆ ಅಕ್ಸತೆ ಆಕಿದ್ದು ನಾನು ನೋಡ್ನಿಲ್ವೇನ್ಲಾ? ಹೇಳುದ್ರೆ ನಿನ್ನೆಂಡ್ತಿ ಇದ್ನೂ ತಗೊಂಡೋಗಿ ಆ ಗಾಜಿನ ಪೆಟ್ಗೇಲಿ ಇಡೋಳು. ನಂಜುಂಡನ ಬಾಯಿ ನಂಗೇನು ಒಸದಾ? ಬುಡು."

ಮೂರು ವಾರ. ನನ್ನ ಮಾನ ಉಳಿಸಲು ಮೂರು ವಾರ ತಮ್ಮನಿಲ್ಲದೆ ಆ ಖಾಲಿ ಕುರ್ಚಿಯ ಪಕ್ಕ ಕೂತು ಅವರೆಕಾಯಿ ಸುಲಿದಿದ್ದಳು. ನಾನು ನೆಟ್ಟಗೆ ನಡುಮನೆಗೆ ಬಂದು ನಿನ್ನೆಯ ಅಂಗಿಯ ಜೇಬಿನಿಂದ ಅಕ್ಕಿಕಾಳು ತೆಗೆದು ಮಾವನ ಅಂಗೈಯಲ್ಲಿಟ್ಟು, ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಮಾವ ಆ ಕಾಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ನೋಡಿದರು. "ಗೊತ್ತಿದ್ದೂ ನನ್ ಕೈಲಿ ಅನ್ನಿಸ್ಕೊಂಡ್ಯಲ್ಲಕ್ಕ" ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಆಯ್ತು ಕೂತ್ಕಳ್ಳಾ, ಟಾಸ್ ಆಕು" ಎಂದಳು ಅವ್ವ.

ಅವತ್ತು ಅವ್ವ ಗೆದ್ದಳು. ಮಾವ ಮೂರು ಮುದ್ದೆ ಉಂಡರು. ಶೈಲಜಾ ಮಾತ್ರ ಪಾತ್ರೆ ಎತ್ತಿಡುತ್ತಾ, "ಕೆಡಿಸಿದವರೇ ಸರಿಮಾಡಿದರೆ ಅದರಲ್ಲಿ ಹೆಚ್ಚುಗಾರಿಕೆ ಏನು ಬಂತು?" ಎಂದಳು. ಹೆಚ್ಚುಗಾರಿಕೆ ಇಲ್ಲದೆ ಏನು? ಮದುವೆಯಾದಾಗಿನಿಂದ ನಾನು ಕೆಡಿಸಿದವುಗಳಲ್ಲಿ, ಮತ್ತೆ ನನ್ನಿಂದಲೇ ಸರಿಯಾದದ್ದು ಇದೊಂದೇ. ಆದರೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿಲ್ಲ. ಊರಿನಲ್ಲಿ ಹೇಳಲು ಇನ್ನು ಯಾರೂ ಉಳಿದಿಲ್ಲ. ಅದಕ್ಕೇ ನಿಮಗೆ ಹೇಳಿದೆ.