ಮಣ್ಣಿಗೆ ಕರೆಯುವ ಮಾತು

ಸತ್ತ ಸುದ್ದಿ ಸಾರುವವನಿಗೆ ನಗುವಂಥದ್ದು ಏನು ಸಿಗುತ್ತದೆ ಎಂದು ಕೇಳುವವರು ಒಂದು ದಿನ ನನ್ನ ಪಕ್ಕ ಆಟೋದಲ್ಲಿ ಕೂತು ಬರಬೇಕು. ಕೊಟ್ಟೂರಿನಲ್ಲಿ ನಮ್ಮದು ಮೈಕ್ ಸೆಟ್ಟಿನ ಅಂಗಡಿ. ಮದುವೆಗೆ, ಜಾತ್ರೆಗೆ, ಎಲೆಕ್ಷನ್ನಿಗೆ ಬಾಡಿಗೆಗೆ ಹೋಗುವ ಮೈಕು, ಯಾರಾದರೂ ತೀರಿಕೊಂಡರೆ ಆಟೋ ಹತ್ತಿ ಓಣಿ ಓಣಿ ಸುತ್ತುತ್ತದೆ. ಜನ ಅಳುವ ಹೊತ್ತಿನಲ್ಲೇ ಎಡವಟ್ಟು ಹೆಚ್ಚು. ಅದರಲ್ಲಿ ಅರ್ಧ ನನ್ನದೇ.

ಒಂದು: ಹನಿ

ನಮ್ಮ ಅಬ್ಬಾ ಮನೆಯಲ್ಲಿ ಆಡುತ್ತಿದ್ದುದು ಉರ್ದು. ಮೈಕು ಹಿಡಿದರೆ ಮಾತ್ರ ಸಂತೆಯ ಮಂದಿ ಆಡುವ ಕನ್ನಡ. "ಕೇಳ್ರಪ್ಪೋ ಕೇಳ್ರಿ! ಗಾಣದ ಮನಿ ಅಜ್ಜಿ ತೀರ್ಕಂಡಾಳ. ಮೂರು ಗಂಟಿಗೆ ಮಣ್ಣು ಐತಿ. ಉಂಡ್ಕಂಡು ಬರ್ರಿ!" ಅಷ್ಟೇ. ಊರಿಗೆ ಊರೇ ಉಂಡುಕೊಂಡು ಮಣ್ಣಿಗೆ, ಅಂದರೆ ಹೆಣ ಹೂಳುವುದಕ್ಕೆ, ಬರುತ್ತಿತ್ತು.

ನನಗೆ ಅದು ನಾಚಿಕೆ. ನಾನು ಪಿಯುಸಿ ಓದಿದವನು, ದಿನಾ ರೇಡಿಯೋದ ವಾರ್ತೆ ಕೇಳಿ ಬಾಯಿಪಾಠ ಮಾಡಿದವನು. ಸಾವಿನ ಸುದ್ದಿಯಲ್ಲಿ ಊಟದ ಮಾತು ಯಾಕೆ ಎಂದರೆ ಅಬ್ಬಾ, "ಮಣ್ಣು ಮುಗಿಯೋತನಕ ಹೊತ್ತಾಕೈತಿ, ಮುದುಕರು ತಲಿ ತಿರುಗಿ ಬೀಳ್ತಾರ" ಎನ್ನುತ್ತಿದ್ದ.

ಆಮೇಲೆ ಬೀಡಿ ಸೇದಿ ಸೇದಿ ಅಬ್ಬಾನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಜೀವ ಉಳಿಸಿದರು, ದನಿ ತೆಗೆದರು. ಮೈಕು ನನ್ನ ಕೈಗೆ ಬಂತು. ಅಬ್ಬಾ ಮೂಲೆಯಲ್ಲಿ ಕೂತು, ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸತೊಡಗಿದ.

ಮೊದಲ ಸಾವಿಗೇ ನಾನು ಗಂಟಲು ಸರಿಮಾಡಿಕೊಂಡು ಶುರು ಹಚ್ಚಿದೆ. "ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ..."

ಎರಡು ಓಣಿ ದಾಟಿ ಹಿಂದಿರುಗಿ ನೋಡಿದರೆ, ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಆಟೋ ಹಿಂದೆ ಓಡಿ ಬರುತ್ತಿದ್ದಾರೆ. ನಮ್ಮ ಕಡೆ ಮೈಕಿನಲ್ಲಿ ಪುಸ್ತಕದ ಕನ್ನಡ ಕೇಳಿದರೆ ಅದು ಸರ್ಕಾರ. ಮುಂದಿನ ಮಾತು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಒಬ್ಬಾಕೆ ಕೂಸಿನ ಬಾಯಿ ಅಗಲಿಸಿಯೇ ಹಿಡಿದಿದ್ದಳು. "ಪೋಲಿಯೋ ಹನಿ ಎಲ್ಲಿ ಹಾಕ್ತೀರ್ರಿ?"

ಮಣ್ಣಿಗೆ ಬಂದವರು ಹನ್ನೊಂದು ಜನ. ಹೆಣ ಹೊರುವವರಿಗೆ ಹೆಗಲು ಬದಲಾಯಿಸಲು ಜನ ಸಾಲಲಿಲ್ಲ. ಸತ್ತವನ ಹೆಂಡತಿ ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ. ಮನೆಗೆ ಬಂದರೆ ಸುದ್ದಿ ಆಗಲೇ ಮುಟ್ಟಿತ್ತು. ಅಬ್ಬಾ ಸ್ಲೇಟು ತಿರುಗಿಸಿ ತೋರಿಸಿದ: "ಎಷ್ಟು ಕೂಸಿಗೆ ಹಾಕಿದಿ?"

ಎರಡು: ಹಾರ

ಆದರೂ ನಾನು ಬಿಡಲಿಲ್ಲ. ಬಿಡದಿದ್ದಕ್ಕೆ ಒಂದೇ ಒಂದು ಸಲ ಒಳ್ಳೆಯದೂ ಆಯಿತು.

ಹರಪನಹಳ್ಳಿಯ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ ಒಬ್ಬರು ಅಂಗಡಿಗೆ ಬಂದರು. ಹಗರಿಬೊಮ್ಮನಹಳ್ಳಿ ಕಡೆಯ ಒಂದು ಊರಿನ ಕೇರಿಯಲ್ಲಿ ಅವರ ಅಪ್ಪ ತೀರಿಕೊಂಡಿದ್ದ. ಜೀವಮಾನವೆಲ್ಲ ಆ ಊರಿನ ಧಣಿಯ ಹೊಲದಲ್ಲಿ ದುಡಿದ ಜೀವ.

"ಸಾಬ್ರ, ನೀವು ಪುಸ್ತಕದ ಮಾತಿನ್ಯಾಗ ಹೇಳ್ತೀರಂತಲ್ರಿ," ಎಂದರು. "ಹಂಗ ಹೇಳ್ರಿ. ನಾವು ಬಾಯಿ ತೆಗದ್ರ ಸಾಕು, ಯಾವ ಕೇರಿಯೋರು ಅಂತ ಹಿಡೀತಾರ. ನಮ್ಮಪ್ಪಗ ಎಂಬತ್ತು ವರ್ಷ ಎಲ್ಲರೂ 'ಲೇ' ಅಂದ್ರು. ಇವತ್ತೊಂದಿನ ಮರ್ಯಾದಿ ಕೊಟ್ಟು ಕರೀರಿ."

ನನ್ನ ವಿದ್ಯೆಯನ್ನೆಲ್ಲ ಸುರಿದೆ. ಶ್ರೀಯುತರು, ಹಿರಿಯರು, ಸರಳ ಜೀವಿಗಳು, ಅವರ ಪಾರ್ಥಿವ ಶರೀರದ ದರ್ಶನಕ್ಕೆ ದಯಮಾಡಿಸಬೇಕು. ಹೆಸರನ್ನೂ ಮಗನ ಶಾಲೆಯ ದಾಖಲೆಯಲ್ಲಿದ್ದಂತೆ ಪೂರ್ತಿ ಹೇಳಿದೆ. ಆ ಹೆಸರು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಧಣಿಯ ಕಾರು ಬಂತು. ಯಾರೋ ದೊಡ್ಡ ಮನುಷ್ಯ ಹೋದ ಎಂದುಕೊಂಡು ಧಣಿ ಮಾರುದ್ದದ ಗುಲಾಬಿ ಹಾರ ತಂದಿದ್ದ. ದಾರಿ ಕೇಳುತ್ತ ಕೇಳುತ್ತ ಕೇರಿಯೊಳಗೆ ಬಂದು, ಬುದ್ಧನ ಪಟದ ಕೆಳಗೆ ಕೂರಿಸಿದ್ದ ಹೆಣದ ಮುಖ ನೋಡಿ ನಿಂತುಬಿಟ್ಟ. ಕೈಯಲ್ಲಿ ಹಾರ. ಸುತ್ತ ನೂರು ಕಣ್ಣು. ಹಿಂದೆ ಹೋಗುವಂತಿಲ್ಲ.

ಬಗ್ಗಿ ಹಾರ ಹಾಕಿದ. "ಇವ..." ಎಂದ, ಕೆಮ್ಮಿದ, "ಇವರು ಚಲೋ ಮನುಷ್ಯಾರು" ಎಂದ.

ಗುಮಾಸ್ತರು ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅಳುತ್ತಲೇ ನನ್ನ ಕಿವಿಯಲ್ಲಿ ಅಂದರು: "ಎಂಬತ್ತು ವರ್ಷ ಹಿಡೀತು ನೋಡ್ರಿ, ಇವರು ಅನ್ನಿಸ್ಕಳಾಕ."

ಮೂರು: ಎರಡು ಕುಣಿ

ಗುಡೇಕೋಟೆ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಅವ್ವ ತೀರಿಕೊಂಡಳು. ಹುಟ್ಟಿದ ಓಣಿಯಲ್ಲಿ ತೆಲುಗು, ಕೊಟ್ಟ ಓಣಿಯಲ್ಲಿ ಕನ್ನಡ. ಹಿರಿಮಗ ತೆಲುಗಿನಲ್ಲಿ ಸಾರು ಎಂದ, ಕಿರಿಮಗ ಕನ್ನಡದಲ್ಲಿ ಸಾರು ಎಂದ, ಹೆಣ ಬಿಟ್ಟು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡರು. ನಾನು ಜಾಣನಂತೆ ಆ ಓಣಿಯಲ್ಲಿ ಬರೆಸಿಕೊಂಡ ಚೀಟಿ ನೋಡಿ ತೆಲುಗಿನಲ್ಲೂ ಈ ಓಣಿಯಲ್ಲಿ ಕನ್ನಡದಲ್ಲೂ ಸಾರಿದೆ.

ಆ ಊರಲ್ಲಿ ಯಾವ ಓಣಿಯ ಹೆಣವೋ ಆ ಓಣಿಯವರೇ ಕುಣಿ ತೋಡಬೇಕು. ತಮ್ಮ ಮಾತಿನಲ್ಲಿ ಸುದ್ದಿ ಬಂತಲ್ಲ, ನಮ್ಮವಳೇ ಎಂದು ಎರಡೂ ಓಣಿಯವರು ಹಾರೆ ತೆಗೆದುಕೊಂಡು ಹೋದರು. ಸ್ಮಶಾನದ ಆ ತುದಿಗೊಂದು, ಈ ತುದಿಗೊಂದು ಕುಣಿ. ಗಂಡನ ಪಕ್ಕದ ಕುಣಿಯಲ್ಲಿ ಅವ್ವನನ್ನು ಇಟ್ಟರು. ತೋಡಿದ ಕುಣಿಯನ್ನು ಬರಿದೇ ಮುಚ್ಚಿದರೆ ಅದು ಇನ್ನೊಂದು ಜೀವ ಬೇಡುತ್ತದಂತೆ. ಕೊನೆಗೆ ಅವ್ವನ ಒರಳುಕಲ್ಲನ್ನೇ ಹೊತ್ತು ತಂದು ಎರಡನೆಯದರಲ್ಲಿ ಹೂತರು.

ಊರ ಹಿರಿಯ ಕೈ ಜಾಡಿಸುತ್ತ ನನ್ನ ಹತ್ತಿರ ಬಂದ. "ಸಾಬ್ರ, ಈ ಕಲ್ಲಿಂದೂ ಒಂದು ಸುದ್ದಿ ಸಾರಿಬಿಡ್ರಿ. ಯಾವ ಮಾತಿನ್ಯಾಗ ಅಂತ ಮಾತ್ರ ಕೇಳಬ್ಯಾಡ್ರಿ."

ನಾಲ್ಕು: ಕ್ಯಾಸೆಟ್ಟು

ದನಿ ಹೋದ ಮೂರನೇ ವರ್ಷ ಅಬ್ಬಾನ ಗಡ್ಡೆ ಮತ್ತೆ ಬಂತು. ಈ ಸಲ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ಮುಂಜಾನೆ ಅಬ್ಬಾ ತಲೆದಿಂಬಿನ ಕೆಳಗಿಂದ ಒಂದು ಕ್ಯಾಸೆಟ್ಟು ತೆಗೆದು ನನ್ನ ಕೈಗಿಟ್ಟ. ಸ್ಲೇಟಿನಲ್ಲಿ ಬರೆದ: "ನಾನು ಹೋದ ದಿನ ಹಚ್ಚು. ನಿನ್ನ ಮಾತು ನಂಬಿದರ ನನ್ನ ಮಣ್ಣಿಗೆ ಯಾರೂ ಬರೂದಿಲ್ಲ." ಅದು ತಮಾಷೆಯಲ್ಲ. ಜನ ಬರುವುದಿಲ್ಲ ಎಂಬ ಭಯ ಅವನ ಕಣ್ಣಲ್ಲಿತ್ತು. ಊರಿನ ಸಾವನ್ನೆಲ್ಲ ಸಾರಿದವನಿಗೆ ತನ್ನ ಸಾವಿಗೆ ಹನ್ನೊಂದೇ ಜನ ಬಂದರೆ ಹೇಗೆ?

ಅಬ್ಬಾ ಹೋದ ಬೆಳಿಗ್ಗೆ ಮಸೀದಿಯಲ್ಲಿ ಉರ್ದುವಿನಲ್ಲಿ ಕೂಗಿದರು, ಅದು ನಮ್ಮ ಓಣಿಗಷ್ಟೇ ತಿಳಿಯಿತು. ನಾನು ಆಟೋ ಹತ್ತಿ ಕ್ಯಾಸೆಟ್ಟು ಹಚ್ಚಿದೆ. ಆಪರೇಷನ್ನಿನ ಹಿಂದಿನ ದಿನ ಅಂಗಡಿ ಬಾಗಿಲು ಹಾಕಿಕೊಂಡು ಅದರಲ್ಲಿ ತನ್ನ ದನಿ ತುಂಬಿಸಿದ್ದನಂತೆ. ಮೂರು ವರ್ಷದ ಮೇಲೆ ಅಬ್ಬಾನ ದನಿ ಓಣಿಗೆ ಬಂತು.

"ಕೇಳ್ರಪ್ಪೋ ಕೇಳ್ರಿ! ಮೈಕ್ ಸಾಬ ತೀರ್ಕಂಡಾನ. ಇಷ್ಟು ದಿನ ನಿಮ್ಮ ಮಂದಿ ಸುದ್ದಿ ಹೇಳಿದೆ, ಇವತ್ತು ನಂದು ನಾನ ಹೇಳಾಕತ್ತೀನಿ. ಮಣ್ಣು ಎಷ್ಟು ಗಂಟಿಗೆ ಅಂತ ನನ್ನ ಮಗ ಹೇಳ್ತಾನ..."

ಬಾಗಿಲುಗಳು ದಡದಡ ತೆರೆದವು. ಜನ ನಗುತ್ತ ಓಡಿ ಬಂದರು! ಸತ್ತವನು ತಾನು ಸತ್ತೆ ಎಂದು ಎಲ್ಲಾದರೂ ಸಾರುತ್ತಾನೆಯೇ? ಸಾಬರಿಗೆ ದನಿ ಬಂದಿದೆ, ಬಂದ ಖುಷಿಗೆ ಚೇಷ್ಟೆ ಮಾಡುತ್ತಿದ್ದಾರೆ ಎಂದು ಒಬ್ಬ ಸಕ್ಕರೆ ತಂದ, ಇನ್ನೊಬ್ಬ ಹೂವು ತಂದ. ಸಂತೆಯಲ್ಲಿ ಬಾಳೆಹಣ್ಣು ಮಾರುವ ಮುದುಕಿ ಒಂದು ಚಿಪ್ಪು ಹಣ್ಣು ಹಿಡಿದು ಆಟೋದೊಳಗೆ ಇಣುಕಿದಳು. "ಎಲ್ಲದಾನ ನಿಮ್ಮಪ್ಪ? ಹಲ್ಕಟ್ ಮುದುಕ, ಮಾತು ಬಂದೇಟಿಗೆ ಸತ್ತೀನಿ ಅಂತಾನ!"

ನಾನು ಮನೆಯ ಕಡೆ ಕೈ ತೋರಿಸಿದೆ. ಅವಳ ನಗು ನಿಂತಿತು.

ಕ್ಯಾಸೆಟ್ಟು ಖಾಲಿ ಸುತ್ತುತ್ತಿತ್ತು. ಇನ್ನು ಮಣ್ಣಿನ ಹೊತ್ತು ಹೇಳಬೇಕಾದವನು ನಾನು. ಜೇಬಿನಲ್ಲಿ ಬರೆದ ಕಾಗದವಿತ್ತು: "ನನ್ನ ಪೂಜ್ಯ ತಂದೆಯವರು..." ಬಿಡಿಸಿದೆ. ಕಾಗದ ಮಡಚಿ ಮೈಕು ತುಟಿಗೆ ಹಿಡಿದೆ.

"ಕೇಳ್ರಪ್ಪೋ... ನಮ್ಮಪ್ಪ ಹೋಗ್ಯಾನ. ಐದು ಗಂಟಿಗೆ, ನಮಾಜ್ ಆದ ಮ್ಯಾಲ ಮಣ್ಣು ಐತಿ. ಉಂಡ್ಕಂಡು ಬರ್ರಿ."

ಊರಿಗೆ ಊರೇ ಬಂತು. ಆದರೆ ಅದಕ್ಕೂ ಮೊದಲು ಆ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಹಣ್ಣಿನ ಚಿಪ್ಪನ್ನು ನನ್ನ ತೊಡೆಯ ಮೇಲಿಟ್ಟಳು.

"ತಗಾ, ನೀನ ತಿನ್ನು. ಅಪ್ಪಗ ಮಾತು ಬಂತಂತ ತಂದಿದ್ದೆ, ಬಂದಿದ್ದು ನಿನಗ."