ಬಾನಿಗೆ ಬೇಕಾದ ಸುಳ್ಳು

ಇಡೀ ಆದೋನಿಯಲ್ಲಿ ನಮ್ಮ ಸೋದರಮಾವನಂಥ ಸುಳ್ಳುಗಾರರು ಇನ್ನೊಬ್ಬರಿರಲಿಲ್ಲ. ಇದು ನನ್ನ ಚಾಡಿಯಲ್ಲ; ಅವರೇ ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದರು! ಜಮಖಾನದ ನೂಲಿಗೆ ನೀಲಿ ಹಾಕುವುದು ಅವರ ಕಸುಬು. ಹಿತ್ತಲಲ್ಲಿ ಕುತ್ತಿಗೆಯವರೆಗೆ ಹೂತ ದೊಡ್ಡ ಮಣ್ಣಿನ ಬಾನಿ. ಅದರೊಳಗೆ ನೀಲಿ, ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ ಎಲ್ಲ ಸೇರಿ ಹುಳಿಯಬೇಕು. ಮೇಲೆ ನೊರೆ ನಿಲ್ಲಬೇಕು. ನೊರೆ ಕುಸಿಯಿತೋ, ಬಾನಿ ಮುನಿಯಿತು ಅಂತ ಅರ್ಥ. ಮುನಿದ ಬಾನಿಗೆ ಮದ್ದೇನು? ಸುಳ್ಳು! ಅದರ ಮುಂದೆ ಕೂತು ಒಂದು ಹಸಿ ಸುಳ್ಳು ಹೇಳಬೇಕು, ಅದನ್ನು ಒಬ್ಬರಾದರೂ ನಂಬಬೇಕು. ಆಗ ನೊರೆ ಏಳುತ್ತದಂತೆ. ಹಾಗಂತ ಹೇಳಿದವರು ಮಾವ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಂಧ್ರ ರಾಜ್ಯವಾಗುವ ಹೊತ್ತು. ಬಳ್ಳಾರಿ ಆ ಕಡೆ, ಆದೋನಿ ಈ ಕಡೆ ಅಂತ ಊರೆಲ್ಲ ಅದೇ ಮಾತು. ಸರಿಯಾಗಿ ಆಗಲೇ ಬಾನಿ ಮುನಿಯಿತು. ಮಾವ ಬಾನಿಗೆ ಹೇಳಿದ್ದನ್ನೇ ಬಜಾರಿಗೂ ಹೋಗಿ ಹೇಳಿದರು: "ಆದೋನಿ ಆಂಧ್ರಕ್ಕೂ ಬ್ಯಾಡಂತ, ಮೈಸೂರಿಗೂ ಬ್ಯಾಡಂತ. ನಡುವ ಬಿಟ್ಟಾರಂತ!"

"ಅಯ್ಯೋ, ಮರಿ ಮನಂ ಎಕ್ಕಡಿಕಿ ಪೋವಾಲಿ?" ಎಂದು ಹತ್ತಿ ವ್ಯಾಪಾರಿಯೊಬ್ಬ ತಾನಿನ್ನು ಎಲ್ಲಿಗೆ ಹೋಗಬೇಕೋ ತಿಳಿಯದೆ ತಲೆಯ ಮೇಲೆ ಕೈಹೊತ್ತು ಕೂತ. ಮರುದಿನ ಬಾನಿಯ ತುಂಬ ನೊರೆಯೇ ನೊರೆ!

ಇನ್ನೊಮ್ಮೆ ನಾಗಲದಿನ್ನೆಯ ಹೊಳೆಯಲ್ಲಿ ಸಿಕ್ಕ ಮೀನಿನ ಹೊಟ್ಟೆಯೊಳಗೆ ಸ್ಟೇಷನ್ ಮಾಸ್ತರರ ಟೋಪಿ ಇತ್ತೆಂದರು. ಪಾಪ, ಸ್ಟೇಷನ್ ಮಾಸ್ತರರೇ ತಲೆ ಮುಟ್ಟಿ ನೋಡಿಕೊಂಡರು! ಆಮೇಲೆ ಊರು ಎಚ್ಚೆತ್ತಿತು. ಮಾವ "ಬಿಸಲು ಭಾಳ ಐತಿ" ಅಂದರೂ ಜನ ಹೊರಗೆ ಬಂದು ನೋಡಿ, ಆಮೇಲೆ ಹೌದೆನ್ನುವಂತಾಯಿತು.

ಇಂಥ ಕಾಲದಲ್ಲಿ ಜಪಾನಿನಿಂದ ಒಬ್ಬ ಹೆಂಗಸು ಮಾವನ ಬಾನಿ ನೋಡಲು ಬಂದರು. ಅವರೂ ನೀಲಿ ಹಾಕುವ ಮನೆತನದವರೇ. ಅವರ ಅರೆಬರೆ ಇಂಗ್ಲಿಷಿಗೂ ಮಾವನ ಮಾತಿಗೂ ಹೈಸ್ಕೂಲ್ ಮೇಷ್ಟ್ರಾದ ನಾನೇ ಸೇತುವೆ. ಅವರ ಚೀಲದಲ್ಲಿ ನೂಲಿನ ಎರಡು ಲಡಿ ಇದ್ದವು, ಒಂದು ನೀಲಿ, ಒಂದು ಬಿಳಿ. ತೀರಿಕೊಂಡ ತಾಯಿ ಕೊನೆಯದಾಗಿ ನೂತದ್ದಂತೆ. ಅರ್ಧಕ್ಕೆ ತಮ್ಮೂರ ನೀಲಿ ಹಾಕಿಟ್ಟಿದ್ದರು. ಉಳಿದ ಅರ್ಧಕ್ಕೆ ನಮ್ಮೂರ ನೀಲಿ ಹಾಕಿಸಿ, ಎರಡನ್ನೂ ಒಂದೇ ಬಟ್ಟೆಯಾಗಿ ನೇಯುವ ಆಸೆ. ಮರುದಿನ ಮಧ್ಯಾಹ್ನದ ಮೇಲ್ ಗಾಡಿಗೆ ಅವರು ಹೊರಡಬೇಕು.

ಮಾವ ಬಾನಿಯ ಮುಚ್ಚಳ ತೆಗೆದರು. ನೊರೆ ಇಲ್ಲ! ಮಾವನ ಮುಖ ಸುಣ್ಣವಾಯಿತು.

"ನಮ್ಮಲ್ಲಿ ಬಾನಿಗೆ ಹುಷಾರಿಲ್ಲದಿದ್ದರೆ ಹೆಂಡ ಹಾಕುತ್ತೇವೆ," ಅಂದರು ಆಕೆ.

"ಇಲ್ಲಿ ಸಾರಾಯಿ ಬಂದ್ ಐತಮ್ಮ. ನಿಮ್ಮ ಬಾನಿ ಕುಡೀತೈತಿ, ನಮ್ಮದು ಸುಳ್ಳು ಕೇಳತೈತಿ," ಅಂದರು ಮಾವ. ತರ್ಜುಮೆ ಮಾಡುವಷ್ಟರಲ್ಲಿ ನನಗೆ ಬೆವರು ಬಂತು. ಆಕೆ ಮಾತ್ರ ಗಂಭೀರವಾಗಿ ತಲೆಯಾಡಿಸಿದರು.

ನಾನು ಮೆಲ್ಲಗೆ, "ಮಾವ, ಈಯಮ್ಮ ಊರಿಗೆ ಹೊಸಬರು. ಏನು ಹೇಳಿದ್ರೂ ನಂಬತಾರ," ಅಂದೆ.

"ಅವರವ್ವನ ನೂಲು ತಗೊಂಡು ಅಷ್ಟು ದೂರದಿಂದ ಬಂದಾಳ. ಆಕಿಗೆ ಹ್ಯಾಂಗ ಸುಳ್ಳು ಹೇಳಲೋ, ಅಳಿಯಾ?" ಅಂದರು. ಹೀಗೆಂದವರು ನಮ್ಮ ಮಾವನೇ? ನನಗೆ ಗಾಬರಿಯಾಯಿತು!

ಸಂಜೆಯವರೆಗೆ ಸಿಕ್ಕಸಿಕ್ಕವರಿಗೆ ಸುಳ್ಳು ಹೇಳಿ ನೋಡಿದರು. ಒಬ್ಬರೂ ನಂಬಲಿಲ್ಲ. ಸೋತು ಬಾನಿಯ ಪಕ್ಕ ಕುಕ್ಕರಿಸಿದರು. ಆಗ ಅತ್ತೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಬಾನಿಯ ಕಡೆ ಬಗ್ಗಿದರು.

"ಈ ಮನಷ್ಯಾನ್ನ ಕಟಿಗೊಂಡು ನಾನು ಒಂದಿನಾನೂ ಸುಖ ಕಾಣಲಿಲ್ಲ," ಅಂದವರೇ ರೊಟ್ಟಿ ಸುಡಲು ಒಳಗೆ ಹೋದರು.

ಇದನ್ನು ಇಂಗ್ಲಿಷಿಗೆ ತರುವ ಧೈರ್ಯ ನನಗಾಗಲಿಲ್ಲ. ಮಾವ ಊಟಕ್ಕೇಳಲಿಲ್ಲ. ಕರೆದರೆ "ಹಸಿವಿಲ್ಲ" ಅಂದರು. ಅದಂತೂ ಅವರಿಗೆ ಹೇಳಲು ಬಾರದ ಸುಳ್ಳು!

ಬೆಳಿಗ್ಗೆ ಮುಚ್ಚಳ ತೆಗೆದರೆ ಬಾನಿಯ ತುಂಬ ತಾಮ್ರದ ಬಣ್ಣದ ನೊರೆ!

"ಬಾನಿ ಎದ್ದೈತಿ!" ಎಂದು ಮಾವ ಕೂಗಿದರು. ಕೂಗಿದವರು ಹಾಗೇ ನಿಂತರು. "ಹಂಗಂದ್ರ... ನೀ ನಿನ್ನೆ ಹೇಳಿದ್ದು?"

"ಊರಾಗ ಯಾರೂ ನಂಬಂಗಿಲ್ಲ. ನೀವೊಬ್ಬರಾರ ನಂಬತೀರಿ ಅಂತ ಹೇಳಿದೆ," ಅಂದರು ಅತ್ತೆ. "ಈಗ ನೂಲು ಅದ್ದರಿ, ಆ ಅವ್ವನ ಗಾಡಿ ತಪ್ಪತೈತಿ."

ಈ ಸಲ ನಾನು ಎಲ್ಲವನ್ನೂ ಇಂಗ್ಲಿಷಿಗೆ ತಂದೆ. ಬಾನಿಯಿಂದ ಹಸಿರಾಗಿ ಮೇಲೆದ್ದ ಲಡಿ ಗಾಳಿಗೆ ನೀಲಿಯಾಗುತ್ತ ಬಂತು. ಆಕೆ ಎರಡೂ ನೀಲಿಗಳನ್ನು ಒಟ್ಟಿಗೆ ಹಿಡಿದು, ಅತ್ತೆಯ ಮುಂದೆ ಸೊಂಟ ಬಗ್ಗಿಸಿ ನಿಂತರು. ಅತ್ತೆಗೆ ನಾಚಿಕೆಯೋ ನಾಚಿಕೆ.

ಅವರನ್ನು ಗಾಡಿ ಹತ್ತಿಸಿ ಮರಳುವಾಗ ಮಾವ ಬಜಾರಿನಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ, "ನನ್ನ ಹೇಣ್ತಿ ನನ್ನ ಕೂಡ ಸುಖವಾಗಿ ಅದಾಳರೀ!" ಅಂದರು.

"ಏನ್ ಮಾವಾ, ಬಾನಿ ಮತ್ತ ಕೆಟ್ಟಿತೇನು?" ಎಂದು ಜನ ನಕ್ಕರು.

ಮಾವನೂ ನಕ್ಕರು. ನಗುತ್ತ ನಗುತ್ತ ನೀಲಿ ಹತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡು, ಮುಂದಿನವರನ್ನು ನಿಲ್ಲಿಸಿ ಮತ್ತೆ ಅದನ್ನೇ ಹೇಳಿದರು.