ಕೆರೆ ಏರಿಯ ಹಾಜರಿ ಪುಸ್ತಕ

ನನ್ನ ತಮ್ಮ ಹೆಡ್‌ಮಾಸ್ಟರಾಗಿದ್ದ ಸ್ಕೂಲಿಗೆ ಬಿಲ್ಡಿಂಗ್ ಇರಲಿಲ್ಲ, ಬೆಲ್ ಇರಲಿಲ್ಲ, ಮತ್ತು ಒಬ್ಬಳನ್ನು ಬಿಟ್ಟರೆ ಮಿಕ್ಕ ವಿದ್ಯಾರ್ಥಿಗಳೆಲ್ಲ ಹುಳ, ಹಸಿ ಮೀನು ತಿನ್ನುತ್ತಿದ್ದರು! ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಸುಳ್ಳು ಹೇಳಿದರೆ ಸ್ಕೇಲಿನಲ್ಲಿ ಬೆರಳಿಗೆ ಹೊಡೆಯುತ್ತಿದ್ದ ಕಾನ್ವೆಂಟಿನಲ್ಲಿ ಓದಿದವಳು ನಾನು.

ಎಂಬತ್ತರ ದಶಕದ ಮಾತು. ತಮ್ಮನ ಮನೆ ರಾಜಾಜಿನಗರದಲ್ಲಿ. ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್. ಅವನ ಒಬ್ಬಳೇ ಮಗಳು ಪುಟ್ಟಿಗೆ ಒಂಬತ್ತು ವರ್ಷ. ಜ್ವರ, ಕೀಲುನೋವು ಎಂದು ಮಲಗಿದವಳು ಏಳುವಷ್ಟರಲ್ಲಿ ಹಾರ್ಟಿನ ವಾಲ್ವ್ ಕೆಟ್ಟಿತ್ತು. "ಮೆಟ್ಟಿಲು ಹತ್ತಿಸ್ಬೇಡಿ. ಸ್ವಲ್ಪ ಬೆಳೀಲಿ, ಆಪರೇಷನ್ ಮಾಡೋಣ. ಅಲ್ಲೀತನಕ ಜೋಪಾನ" ಅಂದರು ಡಾಕ್ಟರು. ಪುಟ್ಟಿಯ ಕ್ಲಾಸ್ ಇದ್ದದ್ದು ಎರಡನೇ ಮಹಡಿಯಲ್ಲಿ. ಒಬ್ಬಳಿಗೋಸ್ಕರ ಕ್ಲಾಸನ್ನೇ ಕೆಳಗಿಳಿಸುವುದಕ್ಕೆ ಆಗುವುದಿಲ್ಲ ಎಂದು ಸ್ಕೂಲಿನವರು ಕೈ ಚೆಲ್ಲಿದರು. ನನ್ನ ತಮ್ಮ ಟಿ.ಸಿ. ಕೂಡ ಕೇಳದೆ ಮಗಳನ್ನು ಮೊಪೆಡ್ ಮೇಲೆ ಕೂರಿಸಿಕೊಂಡು ಸೀದಾ ಕೆಂಗೇರಿ ಕೆರೆಗೆ ಹೋದ. ಅವತ್ತಿನಿಂದ ಅದೇ ಸ್ಕೂಲು. ಗಣಿತವೆಂದರೆ ಬೆಳ್ಳಕ್ಕಿ ಎಣಿಸುವುದು, ಜಿಯಾಗ್ರಫಿ ಎಂದರೆ ಅವು ಎಲ್ಲಿಂದ ಬಂದವೆಂದು ವಿಚಾರಿಸುವುದು!

ವಿಜಯನಗರದ ನಮ್ಮ ಮನೆಗೆ ಬಂದಾಗ ತರಾಟೆಗೆ ತೆಗೆದುಕೊಂಡೆ. "ಹಕ್ಕಿ ನೋಡ್ಕೊಂಡು ಕೂತ್ರೆ ಎಸ್ಸೆಸ್ಸೆಲ್ಸಿ ಪಾಸಾಗ್ತಾಳೇನೋ?"

"ಮೊದ್ಲು ಎಸ್ಸೆಸ್ಸೆಲ್ಸಿ ವಯಸ್ಸು ಬರ್ಲಿ ಬಿಡಕ್ಕಾ."

ಜೋಕಿನ ಹಾಗೆಯೇ ಹೇಳಿದ. ನಗಬೇಕೋ ಬೇಡವೋ ತಿಳಿಯದೆ ನಾನು ಕಾಫಿ ಲೋಟ ತೊಳೆದೆ.

ಅವೆನ್ಯೂ ರೋಡಿನಿಂದ ಅಸಲಿ ಸ್ಕೂಲ್ ಹಾಜರಿ ಪುಸ್ತಕವನ್ನೇ ತಂದಿದ್ದ. ಏರಿಯ ಕಲ್ಲಿನ ಮೇಲೆ ಕೂತು ಅವನು ಹೆಸರು ಕೂಗುವುದು, ಆ ಹಕ್ಕಿ ಕಂಡರೆ ಅದರ ಪರವಾಗಿ ಪುಟ್ಟಿ "ಪ್ರೆಸೆಂಟ್, ಸಾರ್!" ಅನ್ನುವುದು. ಕಾನೂನು ಬಹಳ ಸ್ಟ್ರಿಕ್ಟ್. ಕೂಗಿದವನು ತಾನೇ ಹಾಜರಿ ಹೇಳುವಂತಿಲ್ಲ. ಉತ್ತರ ಬರದಿದ್ದರೆ, ಹಕ್ಕಿ ಹೆಡ್‌ಮಾಸ್ಟರ ಚಪ್ಪಲಿಯ ಮೇಲೇ ಕೂತಿದ್ದರೂ ಆಬ್ಸೆಂಟ್!

ಒಮ್ಮೆ ನಾನೂ ಇನ್‌ಸ್ಪೆಕ್ಷನ್ನಿಗೆಂದು ಹೋದೆ.

"ಮಿಂಚುಳ್ಳಿ?"

"ಪ್ರೆಸೆಂಟ್, ಸಾರ್!"

"ನೀರುಕಾಗೆ?"

"ಪ್ರೆಸೆಂಟ್, ಸಾರ್! ರೆಕ್ಕೆ ಒಣಗಿಸ್ಕೊಳ್ತಾ ಇದೆ, ಸಾರ್!"

"ಕುಂಡೆಕುಸ್ಕ?"

"ಥೂ! ಹೆಣ್ಣುಮಗು ಮುಂದೆ ಎಂಥ ಮಾತೋ!" ಎಂದೆ ನಾನು. "ವ್ಯಾಗ್‌ಟೇಲ್ ಅಂತ ಡೀಸೆಂಟಾಗಿ ಅನ್ನೋಕೆ ಏನೋ ರೋಗ ನಿಂಗೆ?"

"ಬಾಲ ಕುಣಿಸೋದು ನೋಡಿ ಅತ್ತೇ, ಅದಕ್ಕೇ ನಾಚಿಕೆ ಇಲ್ಲ!" ಎಂದು ಪುಟ್ಟಿ ನಕ್ಕಳು. ನಕ್ಕು ನಕ್ಕು ಉಸಿರು ಸಿಗದೆ ತುಟಿ ನೀಲಿಯಾಯಿತು. ಅವನು ಪೆನ್ನನ್ನು ಬಾಯಲ್ಲಿ ಕಚ್ಚಿಕೊಂಡು ಅವಳ ಬೆನ್ನು ನೀವುತ್ತಾ ಕಾದ. ಪುಣ್ಯಕ್ಕೆ ಹಕ್ಕಿಯೂ ಕಾಯಿತು. ಆಮೇಲೆ ಸಣ್ಣದಾಗಿ ಬಂತು, "ಪ್ರೆಸೆಂಟ್, ಸಾರ್."

ಬಾಪೂಜಿ ನಗರದ ಒಂದು ಮದುವೆಯಲ್ಲಿ ಯಾರೋ ಹೆಂಗಸು "ಯಾವ ಸ್ಕೂಲಮ್ಮಾ?" ಎಂದು ಅವಳನ್ನು ಕೇಳಿದರು.

"ಕೆಂಗೇರಿ ಕೆರೆ, ಆಂಟಿ."

"ಹಾಂ? ಯಾವ ಕ್ಲಾಸು?"

"ಎರಡನೇ ಕಲ್ಲು. ಮೊದಲನೇದ್ರ ಮೇಲೆ ಅಪ್ಪ ಕೂತ್ಕೊಳ್ತಾರೆ."

ಆಂಟಿ ಹೋಳಿಗೆ ನುಂಗುವುದನ್ನೇ ಮರೆತರು! ನನಗೋ ಅವಮಾನ. ಪುಟ್ಟಿಯ ಜಡೆಯಲ್ಲಿ ಸಿಕ್ಕಿಸಿದ್ದ ಹಕ್ಕಿಪುಕ್ಕವನ್ನು ಮೆಲ್ಲಗೆ ಕಿತ್ತು ಸೆರಗಿನೊಳಗೆ ಬಚ್ಚಿಟ್ಟೆ. ಯಾಕೆ ಹಾಗೆ ಮಾಡಿದೆನೋ.

ಏಪ್ರಿಲ್ ಬಂದರೆ ಕುಂಡೆಕುಸ್ಕದಂಥ ಚಳಿಗಾಲದ ಹಕ್ಕಿಗಳು ಉತ್ತರಕ್ಕೆ ಹೊರಡುತ್ತವಲ್ಲ? ಅವುಗಳ ಹೆಸರಿನ ಮುಂದೆ ಅವನು ಕೆಂಪು ಇಂಕಿನಲ್ಲಿ 'ಟಿ.ಸಿ. ಕೊಡಲಾಗಿದೆ' ಎಂದು ಬರೆಯುತ್ತಿದ್ದ.

"ವಾಪಸ್ ಬಂದ್ರೆ?" ಎಂದು ಪುಟ್ಟಿ.

"ರೀ-ಅಡ್ಮಿಷನ್. ಇಷ್ಟು ದಿನ ಎಲ್ಲಿದ್ರಿ ಅಂತ ಕೇಳೋದೂ ಇಲ್ಲ."

ಆ ವರ್ಷದ ಆಗಸ್ಟಿನಲ್ಲಿ, ಆಪರೇಷನ್ನಿಗೆ ದಿನ ಗೊತ್ತುಮಾಡುವ ಮೊದಲೇ, ಪುಟ್ಟಿ ಹೋಗಿಬಿಟ್ಟಳು.

ಎಲ್ಲ ಮುಗಿದ ಮೇಲೂ ತಮ್ಮ ಬೆಳಿಗ್ಗೆ ಮೊಪೆಡ್ ಹತ್ತುವುದನ್ನು ಬಿಡಲಿಲ್ಲ. "ಅತ್ತಿಗೆ, ನೀವೇ ಹೋಗಿ ಕರ್ಕೊಂಡು ಬನ್ನಿ. ಯಾರ ಮಾತೂ ಕೇಳ್ತಿಲ್ಲ" ಎಂದು ಅವನ ಹೆಂಡತಿ ಅತ್ತಳು. ಅಕ್ಟೋಬರಿನ ಒಂದು ಬೆಳಿಗ್ಗೆ ಬಸ್ಸಿಳಿದು ಏರಿ ಹತ್ತಿದೆ. ಒಳ್ಳೆಯ ಲೆಕ್ಚರ್ ಒಂದನ್ನು ರೆಡಿ ಮಾಡಿಕೊಂಡಿದ್ದೆ: ಬಿ ಪ್ರಾಕ್ಟಿಕಲ್, ಹೆಂಡತಿ ಮುಖ ನೋಡು, ಇತ್ಯಾದಿ.

ಅವನು ಮೊದಲನೇ ಕಲ್ಲಿನ ಮೇಲಿದ್ದ. ಹಿಂದಿನಿಂದ ಬಗ್ಗಿ ಪುಸ್ತಕ ನೋಡಿದೆ. ಆಗಸ್ಟಿನಿಂದೀಚೆಗೆ ಮಿಂಚುಳ್ಳಿ ಆಬ್ಸೆಂಟ್, ನೀರುಕಾಗೆ ಆಬ್ಸೆಂಟ್, ಬೆಳ್ಳಕ್ಕಿ ಆಬ್ಸೆಂಟ್. ಕೆರೆಯ ತುಂಬ ಹಕ್ಕಿ! ಆದರೆ ಕಾನೂನು ಕಾನೂನೇ ಅಲ್ಲವೆ? ಹೇಳುವವರಿಲ್ಲ. ಮೊದಲ ಸಾಲಿನಲ್ಲಿದ್ದ ಪುಟ್ಟಿಯ ಹೆಸರಿನ ಮುಂದೆ ಮಾತ್ರ ಏನನ್ನೂ ಬರೆದಿರಲಿಲ್ಲ. ಟಿ.ಸಿ.ಯೂ ಇಲ್ಲ.

"ಕುಂಡೆಕುಸ್ಕ?" ಎಂದು ಕೂಗಿದ.

ಅಷ್ಟು ದೂರದಿಂದ ಅವತ್ತೇ ಬಂದಿಳಿದಿತ್ತೋ ಏನೋ, ಅವನ ಚಪ್ಪಲಿಯ ಪಕ್ಕದಲ್ಲೇ ಬಾಲ ಕುಣಿಸುತ್ತಿತ್ತು. ಅವನು ಕಾದ. ಪೆನ್ನು ಮೆಲ್ಲಗೆ ಪುಸ್ತಕದ ಕಡೆ ಇಳಿಯಿತು.

ಲೆಕ್ಚರೆಲ್ಲ ಎಲ್ಲಿ ಹೋಯಿತೋ! ನಾನು ಎರಡನೇ ಕಲ್ಲಿನ ಮೇಲೆ ಕೂತೆ.

"ಪ್ರೆಸೆಂಟ್, ಸಾರ್."

ಅವನು ನನ್ನ ಕಡೆ ತಿರುಗಲಿಲ್ಲ. 'ರೀ-ಅಡ್ಮಿಷನ್' ಎಂದು ಬರೆದ. ಮುಂದಿನ ಹೆಸರು ಕೂಗಿದ.